ಜಾಝ್ ಕೇಳುವ ಉಣ್ಣೆ ಥಾನು

ಡಾಕ್ಟರಮ್ಮನ ಬಿಳಿ ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದುಬಿಟ್ಟೆ. ಆಕೆ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಯಾರೋ ಹಿಂದಿನಿಂದ ಕೈ ತಿರುಚುತ್ತಿರುವ ಹಾಗೆ ಕಾಣಿಸುತ್ತಿತ್ತು. ಪಾಪ, ಒಳ್ಳೆಯ ಹೆಂಗಸು. ರೋಗಿಗಳ ಜೊತೆ ಮಾತಾಡುವ ಮೆಲುದನಿಯಲ್ಲೇ, ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎಂದು ಹೇಳಿ ಹೋದರು. ನನ್ನ ಕಣ್ಣಿಗೆ ಏನೂ ಆಗಿಲ್ಲ. ಸೂಜಿಗೆ ದಾರ ಪೋಣಿಸುವುದರಲ್ಲಿ ಇವತ್ತಿಗೂ ನನ್ನನ್ನು ಮೀರಿಸುವವರಿಲ್ಲ. ರೋಗ ಇರುವುದು ನಮ್ಮ ಮನೆಯ ಹಂಚಿಕೆಯಲ್ಲಿ. ಎರಡು ಕಿಟಕಿ, ಧಾರಾಳ ಬೆಳಕು, ಬೀದಿಯ ಗಾಳಿ ಎಲ್ಲ ಇರುವ ಮುಂದಿನ ಕೋಣೆ ಯಜಮಾನರ ರೆಕಾರ್ಡುಗಳಿಗೆ ಮೀಸಲು. ಪಕ್ಕದ ಮನೆಯ ಗೋಡೆಗೆ ಮುಖ ಮಾಡಿಕೊಂಡು ಹಗಲಿನಲ್ಲೂ ಬಲ್ಬು ಕೇಳುವ ಹಿಂದಿನ ಕೋಣೆ ನನ್ನ ಹೊಲಿಗೆ ಯಂತ್ರಕ್ಕೆ. ಮನೆಗೆ ಅನ್ನ ಹಾಕುವ ಯಂತ್ರ ಕತ್ತಲಲ್ಲಿ, ಧೂಳು ತಿನ್ನುವ ರೆಕಾರ್ಡು ಬೆಳಕಿನಲ್ಲಿ. ಇದು ನ್ಯಾಯವೇ ಎಂದು ನೀವೇ ಹೇಳಿ.

ಯಜಮಾನರು ಡ್ರಮ್ ಬಾರಿಸುವವರು. ಬೆಳಿಗ್ಗೆ ಸಂಗೀತ ಶಾಲೆಯಲ್ಲಿ ಪಾಠ, ಸಂಜೆ ಹೋಟೆಲಿನಲ್ಲಿ ಜಾಝ್ ತಂಡದ ಜೊತೆ ಕಛೇರಿ. ಡ್ರಮ್ಮುಗಳು ಹೋಟೆಲಿನಲ್ಲೇ ಇರುತ್ತವೆ, ಅಷ್ಟರ ಮಟ್ಟಿಗೆ ನಾನು ಪುಣ್ಯವಂತೆ. ಮನೆಯಲ್ಲಿರುವುದು ಹಳೆಯ ಜಾಝ್ ರೆಕಾರ್ಡುಗಳು ಮತ್ತು ಅವನ್ನು ನುಡಿಸಲು ಬೀರುವಿನ ಎತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು. ಲೋಕದ ಜನ ಸಂಗೀತ ಕೇಳುತ್ತಾರೆ. ಇವರು ಕೇಳುವುದು ಡ್ರಮ್ಮಿನ ಸದ್ದನ್ನು ಮಾತ್ರ. ಅದನ್ನೂ ಎಷ್ಟು ಚೆನ್ನಾಗಿ ಬಾರಿಸಿದ್ದಾರೆ ಎಂದಲ್ಲ, ರೆಕಾರ್ಡು ಮಾಡುವಾಗ ಅದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಎಂದು. ಚರ್ಮದ ಮೇಲೆ ಕೋಲು ಬಿದ್ದದ್ದು ಕೇಳಿಸಬೇಕಂತೆ, ಕೋಲು ಎದ್ದದ್ದೂ ಕೇಳಿಸಬೇಕಂತೆ. ಸಿಂಬಲ್ ಅನ್ನುವ ಆ ಹಿತ್ತಾಳೆ ತಟ್ಟೆಯ ಸದ್ದು ಗಾಳಿಯಲ್ಲಿ ನಿಧಾನವಾಗಿ ಕರಗಬೇಕಂತೆ, ಒಡೆಯಬಾರದಂತೆ. ಅದು ಕರಗುವುದನ್ನು ಕೇಳಲೆಂದು ನಮ್ಮ ಮನೆಯ ಫ್ಯಾನು ನಿಲ್ಲುತ್ತದೆ, ಫ್ರಿಜ್ಜು ನಿಲ್ಲುತ್ತದೆ, ನನ್ನ ಉಸಿರೂ ನಿಲ್ಲಬೇಕೆಂದು ಅವರ ಆಸೆ. (ಹಾಲು ಒಡೆದರೆ ಮಾತ್ರ ಪರವಾಗಿಲ್ಲ.)

ರೆಕಾರ್ಡುಗಳಿಗೆ ಅವರದೇ ನಾಮಕರಣ. ಯಾವುದೋ ಚರ್ಚಿನೊಳಗೆ ಮಾಡಿದ್ದೆಂದು ಒಂದಕ್ಕೆ 'ಚರ್ಚು' ಎಂದು ಹೆಸರು. ಡ್ರಮ್ಮಿನವನ ಸ್ಟೂಲು ನಡುನಡುವೆ ನರಳುವ ಇನ್ನೊಂದು 'ಕಿರ್ರುಸ್ಟೂಲು'. ಜನ ಕುಡಿಯುತ್ತಾ ಕೂತ ಕಡೆ ಹಿಡಿದದ್ದು 'ಗ್ಲಾಸು', ಏಕೆಂದರೆ ಬ್ರಷ್ಷಿನಿಂದ ಸವರಿ ನುಡಿಸುವ ಅತಿ ಮೆಲುವಾದ ಜಾಗದಲ್ಲಿ ಯಾರದೋ ಗ್ಲಾಸು ಟಿಣ್ ಅನ್ನುತ್ತದೆ. ಆ ಟಿಣ್ ಬಂದಾಗಲೆಲ್ಲ ಇವರು ಹುಬ್ಬು ಗಂಟಿಕ್ಕಿ ಅಡಿಗೆಮನೆಯ ಕಡೆ ನೋಡುತ್ತಾರೆ. ಒಮ್ಮೆ ನಾನು, ಈ ಚರ್ಚಿನಲ್ಲಿ ಸ್ಯಾಕ್ಸೊಫೋನು ಊದಿದವನು ಎಷ್ಟು ಚೆನ್ನಾಗಿ ಕಣ್ಣೀರು ತರಿಸುತ್ತಾನೆ ಎಂದೆ. ಇವರು ಕಣ್ಣರಳಿಸಿ, ಅದರಲ್ಲಿ ಸ್ಯಾಕ್ಸೊಫೋನೂ ಇದೆಯಾ ಎಂದು ಕೇಳಿದರು. ಆ ರೆಕಾರ್ಡನ್ನು ಅವರು ಮದುವೆಗೆ ಮುಂಚಿನಿಂದ ಕೇಳುತ್ತಿದ್ದಾರೆ.

ಇಷ್ಟೆಲ್ಲ ಕೇಳಿಯೂ ತೃಪ್ತಿ ಇಲ್ಲ. ಎಲ್ಲಿಗೆ ಹೋದರೂ ಮೊದಲು ಒಂದು ಚಪ್ಪಾಳೆ ತಟ್ಟಿ ಕೋಣೆಯ ಗುಣ ನೋಡುವುದು ಅವರ ಅಭ್ಯಾಸ. ಮೊದಲ ಸಲ ನಮ್ಮ ತಂದೆಯವರನ್ನು ನೋಡಲು ಬಂದಾಗಲೂ ಹಾಗೇ ತಟ್ಟಿದ್ದರು. ನಮ್ಮಪ್ಪ ಸೊಳ್ಳೆ ಹೊಡೆದರು ಎಂದುಕೊಂಡು ಕಿಟಕಿ ಮುಚ್ಚಿಸಿದ್ದರು. ನಮ್ಮ ಮುಂದಿನ ಕೋಣೆಯ ಬಗ್ಗೆ ಮಾತ್ರ ಇವರಿಗೆ ತೀರದ ದೂರು. ಗೋಡೆ ಸದ್ದನ್ನು ವಾಪಸು ಉಗಿಯುತ್ತದೆ, ಚರ್ಚು ಬಚ್ಚಲಮನೆಯ ಹಾಗೆ ಕೇಳಿಸುತ್ತದೆ ಎಂದು. ಮೂಲೆಯಲ್ಲಿ ಹಾಸಿಗೆ ನಿಲ್ಲಿಸಿ ನೋಡಿದರು. ಅತ್ತೆಯನ್ನು ದಪ್ಪ ಶಾಲು ಹೊದಿಸಿ ಎಡಗಡೆ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಮಗ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ ಎಂದು ಅತ್ತೆಗೆ ಸಂಭ್ರಮ. ತಾವು ಗೋಡೆಯ ಬದಲು ಕೂತಿದ್ದೇವೆಂದು ಅವರಿಗೆ ಇನ್ನೂ ಗೊತ್ತಿಲ್ಲ, ನಾನೂ ಹೇಳಿಲ್ಲ.

ಎರಡು ಎಡಗೈಯ ಕೋಟಿನ ದಿನ ನಾನು ಪಟ್ಟು ಹಿಡಿದು ಕೋಣೆ ಕೇಳಿದೆ. ಇವರು ಸಂಸ್ಥಾನ ಬಿಟ್ಟುಕೊಡಲು ಕೇಳಿದ ರಾಜನ ಹಾಗೆ ಮುಖ ಮಾಡಿಕೊಂಡು, ಯೋಚಿಸೋಣ ಎಂದರು. ಯೋಚನೆ ಮುಗಿಯುವುದರೊಳಗೆ ತಂಡಕ್ಕೆ ಬೇರೆ ಊರಿನ ಹೋಟೆಲಿನಿಂದ ಒಂದು ವಾರದ ಕರೆ ಬಂತು. ಗಂಟುಮೂಟೆ ಕಟ್ಟಿಕೊಂಡು ಹೊರಟರು. ರೈಲು ಊರ ಗಡಿ ದಾಟಿರಬೇಕು, ಇತ್ತ ನಮ್ಮ ಮನೆಯಲ್ಲಿ ರಾಜ್ಯಕ್ರಾಂತಿ ಆಯಿತು.

ಹೊಲಿಗೆ ಯಂತ್ರ ಕಿಟಕಿಯ ಬಳಿ ಬಂತು. ಬಟ್ಟೆ ಕತ್ತರಿಸುವ ಮೇಜು ನಡುವೆ ನಿಂತಿತು. ಸ್ಪೀಕರ್ ಪೆಟ್ಟಿಗೆಗಳು ನನ್ನ ಕೈಯಲ್ಲಿ ಅಲುಗಾಡಲಿಲ್ಲವಾದ್ದರಿಂದ ಅವನ್ನು ಇದ್ದಲ್ಲೇ ಬಿಟ್ಟು ಸುತ್ತ ನನ್ನ ಸಾಮ್ರಾಜ್ಯ ಕಟ್ಟಿದೆ. ಆ ವಾರ ಕೆಲಸವೂ ಕೈತುಂಬ ಇತ್ತು. ನಾಟಕ ಶಾಲೆಯವರು ರಂಗಮಂದಿರದ ಪರದೆಗೆಂದು ಮಖಮಲ್ಲು ತಂದುಹಾಕಿದ್ದರು. ಅದನ್ನು ಹಿಂದಿನ ಗೋಡೆಯುದ್ದಕ್ಕೂ ಇಳಿಬಿಟ್ಟೆ. ವಕೀಲಮ್ಮ ತಮ್ಮ ಆಫೀಸಿನ ಎಲ್ಲ ಜೂನಿಯರುಗಳಿಗೂ ಒಂದೇ ಬಗೆಯ ಕೋಟು ಆಗಬೇಕೆಂದು ಕಪ್ಪು ಉಣ್ಣೆ ಬಟ್ಟೆಯ ಇಡೀ ಥಾನನ್ನೇ ಕಳಿಸಿದ್ದರು. ಅದು ನನ್ನ ಎದೆಯೆತ್ತರ ಇತ್ತು. ಎಡಗಡೆ ಮೂಲೆಯಲ್ಲಿ ನಿಲ್ಲಿಸಿದೆ. ಹಗಲ ಬೆಳಕಿನಲ್ಲಿ ಕೂತು ಹೊಲಿದ ಮೊದಲ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾರದೋ ಅಂಗಿಗೆ ಬೇಡದಿದ್ದರೂ ಎರಡು ಗುಂಡಿ ಜಾಸ್ತಿ ಹಾಕಿಬಿಟ್ಟೆ.

ಯಜಮಾನರು ವಾಪಸಾಗುವ ಹೊತ್ತಿಗೆ ನಾನು ಜಗಳಕ್ಕೆ ಸಕಲ ರೀತಿಯಲ್ಲೂ ಸಿದ್ಧಳಾಗಿದ್ದೆ. ಡಾಕ್ಟರಮ್ಮನ ಅವಮಾನದಿಂದ ಶುರುಮಾಡಿ ಮನೆಯ ಅಕ್ಕಿಬೇಳೆಯಲ್ಲಿ ಮುಗಿಸುವ ಭಾಷಣ ಬಾಯಿಪಾಠವಾಗಿತ್ತು. ಅವರು ಬಾಗಿಲಲ್ಲಿ ನಿಂತು ನೋಡಿದರು. ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದವರು, ಅಭ್ಯಾಸಬಲದಿಂದ ಒಂದು ಚಪ್ಪಾಳೆ ತಟ್ಟಿದರು. ತೆರೆದ ಬಾಯಿ ಹಾಗೇ ಉಳಿಯಿತು. ಮೂಲೆಗೆ ಹೋಗಿ ಇನ್ನೊಂದು ತಟ್ಟಿದರು. ಚಪ್ಪಲಿ ಕೂಡ ಬಿಡದೆ ಚರ್ಚು ಹಾಕಿ, ಮೇಜಿನ ಕೆಳಗೆ ನೆಲದ ಮೇಲೆ ಕೂತುಬಿಟ್ಟರು.

"ಇದೇ ಕಣೇ," ಎಂದರು ಸ್ವಲ್ಪ ಹೊತ್ತಾದ ಮೇಲೆ. ಕಣ್ಣು ಒದ್ದೆಯಾಗಿತ್ತು. "ಇದೇ ಸದ್ದು. ಇಷ್ಟು ವರ್ಷ ಇದನ್ನೇ ಹುಡುಕ್ತಿದ್ದೆ. ಎಲ್ಲ ಈ ಬಟ್ಟೆಯಿಂದ. ಏನೂ ಮುಟ್ಟಬೇಡ."

ನಾನು ಗೆದ್ದೆನೆಂದುಕೊಂಡೆ. ಏನೂ ಮುಟ್ಟಬೇಡ ಎಂಬ ಮಾತಿನ ಪೂರ್ತಿ ಅರ್ಥ ತಿಳಿದದ್ದು ಮರುದಿನ. ನಾನು ಎದ್ದು ಬರುವುದರೊಳಗೆ ಅವರು ನನ್ನದೇ ಟೈಲರ್ ಚಾಕಿನಿಂದ ಪ್ರತಿಯೊಂದು ಥಾನಿನ ಸುತ್ತ, ಮೇಜಿನ ಕಾಲುಗಳ ಸುತ್ತ, ಸ್ಪೀಕರ್ ಪೆಟ್ಟಿಗೆಗಳ ಸುತ್ತ ನೆಲದ ಮೇಲೆ ಗೆರೆ ಎಳೆದಿದ್ದರು. ಅತ್ತೆಯ ಕುರ್ಚಿಗೂ ಗೆರೆ ಇತ್ತು. ಅತ್ತೆ ಒಳಗೆ ಕೂತಿದ್ದರು.

ಆಮೇಲೆ ಬಂದವರು ದೊಡ್ಡಣ್ಣ. ದೊಡ್ಡಣ್ಣ ನಮ್ಮ ನೆಂಟರಲ್ಲ, ಯಜಮಾನರ ತಂಡದಲ್ಲಿ ಆಳೆತ್ತರದ ಬಾಸ್ ವಾದ್ಯವನ್ನು ತಬ್ಬಿಕೊಂಡು ನುಡಿಸುವವರು. ವಾದ್ಯದಷ್ಟೇ ಗಾತ್ರ, ಆದ್ದರಿಂದ ಆ ಹೆಸರು. ಇಬ್ಬರೂ ಕೂತು ಒಂದೊಂದೇ ರೆಕಾರ್ಡು ಹಾಕಿ ತೀರ್ಪು ಕೊಡತೊಡಗಿದರು. ಗ್ಲಾಸಿನಲ್ಲಿ ಬ್ರಷ್ಷು ಈಗ ರೇಷ್ಮೆಯಂತಿದೆಯಂತೆ. ಕಿರ್ರುಸ್ಟೂಲಿನ ಸ್ಟೂಲು ಮರದ್ದೆಂದು ಈಗ ಖಚಿತವಾಯಿತಂತೆ, ಇಷ್ಟು ದಿನ ಕಬ್ಬಿಣದ್ದೆಂದು ತಪ್ಪು ತಿಳಿದಿದ್ದರಂತೆ. ಮಖಮಲ್ಲಿನ ನೆರಿಗೆ ಸಾಕೋ ಇನ್ನೂ ಬೇಕೋ ಎಂದು ನನ್ನನ್ನೇ ಕೇಳಿದರು. ನಾನು ಅದು ಪರದೆ, ನಾಡಿದ್ದು ಅಂಚು ಹೊಲಿದು ಕೊಡಬೇಕು ಎಂದೆ. ಇಬ್ಬರೂ ಮನೆಯಲ್ಲಿ ಸಾವಾಗಿದೆ ಎಂಬಂತೆ ನನ್ನನ್ನು ನೋಡಿದರು.

ರೆಕಾರ್ಡು ನಡೆಯುವಾಗ ನನ್ನ ಹೊಲಿಗೆ ಯಂತ್ರದ ಟರ್ರ್ ಸದ್ದು ಆಗಬಾರದಲ್ಲ, ಸದ್ಯಕ್ಕೆ ಎಂದು ಹೇಳಿ ಅದನ್ನು ದೊಡ್ಡಣ್ಣ ಒಂದೇ ಕೈಯಲ್ಲಿ ಎತ್ತಿ ಹಿಂದಿನ ಕೋಣೆಗೆ ಸಾಗಿಸಿದರು. ಯಂತ್ರದ ಹಿಂದೆ ನಾನೂ ಹೋದೆ. ನನ್ನ ಬಟ್ಟೆಗಳು ಮುಂದಿನ ಕೋಣೆಯ ಬೆಳಕಿನಲ್ಲಿ, ನಾನು ಬಲ್ಬಿನ ಕೆಳಗೆ. ಮೊದಲು ರೆಕಾರ್ಡುಗಳು ಮಾತ್ರ ಅಲ್ಲಿ ವಾಸವಾಗಿದ್ದವು, ಈಗ ಅವುಗಳ ಜೊತೆ ನನ್ನ ಕಸುಬೂ ಸೇರಿಕೊಂಡಿತು. ಹೊಟ್ಟೆ ಉರಿದುಹೋಯಿತು.

ನಾಟಕ ಶಾಲೆಯವರು ಎರಡು ಸಲ ಬಂದು ಹೋದರು. ವಕೀಲಮ್ಮ ಫೋನು ಮಾಡಿ, ಹೊಸ ನ್ಯಾಯಾಧೀಶರು ಬರುವ ದಿನ ತಮ್ಮ ಜೂನಿಯರುಗಳೆಲ್ಲ ಹೊಸ ಕೋಟಿನಲ್ಲೇ ನಿಂತಿರಬೇಕು, ಇವತ್ತು ಬಂದು ನೋಡುತ್ತೇನೆ ಎಂದರು. ಆಕೆ ಊರಿನ ಅರ್ಧ ಕಪ್ಪು ಕೋಟುಗಳಿಗೆ ನನ್ನ ಮನೆಯ ದಾರಿ ತೋರಿಸುವ ಗಿರಾಕಿ. ಆಕೆ ಕೈಬಿಟ್ಟರೆ ನಾನು ಮತ್ತೆ ಪಕ್ಕದ ಮನೆಗಳ ದಿಂಬಿನ ಕವರು ಹೊಲಿಯಬೇಕಾಗುತ್ತದೆ. ಇವರಿಗೆ ಅಷ್ಟೂ ಹೇಳಿದೆ, ಸ್ವಲ್ಪ ಕಣ್ಣೀರೂ ಹಾಕಿದೆ. ಇವರು ತಲೆ ತಗ್ಗಿಸಿಕೊಂಡು ಪಾಠಕ್ಕೆ ಹೊರಟುಹೋದರು. ಇನ್ನು ಸೈರಿಸುವುದು ಸಾಧ್ಯವಿಲ್ಲ ಎಂದು ನಾನು ಕತ್ತರಿ ಹಿಡಿದು ಮುಂದಿನ ಕೋಣೆಗೆ ನುಗ್ಗಿದೆ. ಎಡಮೂಲೆಯ ಉಣ್ಣೆ ಥಾನಿಗೆ ಕೈ ಹಾಕಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇವತ್ತು ಮರ್ಯಾದಸ್ಥಳಾಗಿ ಉಳಿಯುತ್ತಿದ್ದೆ. ಆದರೆ ಇವರ ಬೂಟಾಟಿಕೆಯನ್ನು ಸಾಕ್ಷಿ ಸಮೇತ ಹಿಡಿದು ಜೀವಮಾನವಿಡೀ ಆಡಿಕೊಳ್ಳಬೇಕೆಂಬ ದುರಾಸೆ ಹುಟ್ಟಿತು. ಪ್ಲೇಯರಿಗೆ ಚರ್ಚು ಹಾಕಿದೆ. ಥಾನು ಇದ್ದಾಗ ಒಮ್ಮೆ, ತೆಗೆದಾಗ ಒಮ್ಮೆ ಕೇಳುವುದು. ವ್ಯತ್ಯಾಸವೇ ಇಲ್ಲ ಎಂದು ಸಂಜೆ ಮುಖದ ಮೇಲೆ ಹೊಡೆದ ಹಾಗೆ ಹೇಳುವುದು. ಅತ್ತೆ ತಮ್ಮ ಗೆರೆಯೊಳಗೆ ಶಾಲು ಹೊದ್ದು ಕೂತಿದ್ದರು. ಅವರ ಕಿವಿ ಅಷ್ಟಕ್ಕಷ್ಟೇ.

ಥಾನು ಇದ್ದಲ್ಲೇ ಇದ್ದಾಗ ಬ್ರಷ್ಷು ಮೆಲ್ಲಗೆ ಸುತ್ತುತ್ತಿತ್ತು. ನಸುಕಿನಲ್ಲಿ ಯಾರೋ ದೂರದ ಅಂಗಳ ಗುಡಿಸುತ್ತಿರುವ ಹಾಗೆ. ಸಿಂಬಲ್ಲಿಗೆ ಒಂದು ಏಟು ಬಿತ್ತು. ಅದು ಕರಗಿತು, ಕರಗುತ್ತಲೇ ಇತ್ತು. ಅದು ಪೂರ್ತಿ ಮುಗಿಯುವವರೆಗೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೆನೆಂದು ಮುಗಿದ ಮೇಲೆ ತಿಳಿಯಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಥಾನನ್ನು ತಬ್ಬಿ ಎಳೆದು ಬಾಗಿಲಾಚೆ ಹಾಕಿ ರೆಕಾರ್ಡಿನ ಅದೇ ಜಾಗವನ್ನು ಮತ್ತೆ ಹಾಕಿದೆ. ಈ ಸಲ ಸಿಂಬಲ್ಲು ಚಮಚ ನೆಲಕ್ಕೆ ಬಿದ್ದ ಹಾಗೆ ಕೇಳಿಸಿತು.

ಅತ್ತೆ ಕಣ್ಣು ತೆರೆದರು. "ಆ ಹುಡುಗನಿಗೇನಾಯ್ತೇ?" ಎಂದರು. "ಇಷ್ಟು ಹೊತ್ತು ಚೆನ್ನಾಗಿ ಬಾರಿಸ್ತಿದ್ದ."

ನಾನು ಥಾನನ್ನು ವಾಪಸು ತಂದು ನಿಲ್ಲಿಸಿದೆ. ಗೆರೆಯ ಮೇಲೆ ಸರಿಯಾಗಿ ಕೂತಿದೆಯೋ ಎಂದು ಬಗ್ಗಿ ನೋಡಿದೆ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಇನ್ನೊಮ್ಮೆ ಕೇಳಿದೆ. ಆಮೇಲೆ ಗ್ಲಾಸು ಹಾಕಿದೆ.

ವಕೀಲಮ್ಮ ಬಂದದ್ದು ಆಗಲೇ. ಕತ್ತರಿ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಥಾನು ಹಾಗೇ ಇರುವುದನ್ನು ನೋಡಿ, ಇನ್ನೂ ಕತ್ತರಿಸಿಯೇ ಇಲ್ಲವೇ ಎಂದು ಕೇಳಿದರು. ಉಣ್ಣೆಯನ್ನು ತಂದ ತಕ್ಷಣ ಕತ್ತರಿಸಬಾರದು, ಕೆಲವು ದಿನ ನಿಲ್ಲಿಸಿಟ್ಟು ಕೂರಲು ಬಿಡಬೇಕು, ಇಲ್ಲದಿದ್ದರೆ ಕೋಟು ಆಮೇಲೆ ಕುಗ್ಗುತ್ತದೆ ಎಂದೆ. ಇಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಹಬೆ ಇಸ್ತ್ರಿ ಹಾಕಿದರೆ ಮುಗಿಯುವ ಕೆಲಸ. ಆಕೆ ಪಾಪ, ನಿಮ್ಮ ಕಸುಬು ನಿಮಗೇ ಗೊತ್ತು ಎಂದು ನಂಬಿ ಅತ್ತೆಯ ಪಕ್ಕ ಕೂತರು.

ಅಷ್ಟರಲ್ಲಿ ಯಜಮಾನರು ದೊಡ್ಡಣ್ಣನನ್ನು ಕರೆದುಕೊಂಡು ಒಳಗೆ ಬಂದರು. ಬೆಳಗಿನ ನನ್ನ ಕಣ್ಣೀರು ಅವರ ಮೇಲೆ ಕೆಲಸ ಮಾಡಿಬಿಟ್ಟಿತ್ತು. ಪಾಠ ಅರ್ಧಕ್ಕೆ ಬಿಟ್ಟು, ಇಷ್ಟು ವರ್ಷದಲ್ಲಿ ಒಂದು ದಿನವೂ ಕಾಣದ ಮುಖ ಮಾಡಿಕೊಂಡು ಬಂದಿದ್ದರು.

"ನನ್ನದೇ ತಪ್ಪು ಕಣೇ," ಎಂದರು ಎಲ್ಲರ ಎದುರಿಗೇ. "ದೊಡ್ಡಣ್ಣನ ಮನೇಲಿ ಜಾಗ ಇದೆ. ಪೆಟ್ಟಿಗೆ, ರೆಕಾರ್ಡು ಎಲ್ಲ ಇವತ್ತೇ ಅಲ್ಲಿಗೆ ಸಾಗಿಸ್ತೀವಿ. ಈ ಕೋಣೆ ನಿಂದು." ಆಮೇಲೆ ವಕೀಲಮ್ಮನ ಕಡೆ ತಿರುಗಿ ಕೈಮುಗಿದರು. "ನನ್ನಿಂದಲೇ ತಡ ಆಗಿದ್ದು, ಕ್ಷಮಿಸಿ. ಸದ್ದು ಕೆಡುತ್ತೆ ಅಂತ ನಾನೇ ಬಟ್ಟೆ ಮುಟ್ಟೋಕೆ ಬಿಟ್ಟಿರಲಿಲ್ಲ. ಇನ್ನು ಈಗಿಂದೀಗಲೇ ಕತ್ತರಿಸ್ತಾಳೆ."

ವಕೀಲಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ಸಾಕ್ಷಿಗಳನ್ನು ನೋಡಿ ಪಳಗಿದ ಕಣ್ಣು.

"ಬಟ್ಟೆ ಕೂರಬೇಕು ಅಂದ್ರಲ್ಲ?"

ದೊಡ್ಡಣ್ಣ ಅಷ್ಟರಲ್ಲಿ ಎಡಗಡೆಯ ಪೆಟ್ಟಿಗೆಯನ್ನು ತಬ್ಬಿ ಎತ್ತಿಬಿಟ್ಟಿದ್ದರು. ಗ್ಲಾಸು ಇನ್ನೂ ನಡೆಯುತ್ತಿತ್ತು. ಕಿಟಕಿಯಿಂದ ಬೆಳಕು ಬಂದು ನನ್ನ ಮೇಜಿನ ಮೇಲೆ ಬಿದ್ದಿತ್ತು. ಯಜಮಾನರ ಮಾತಿಗೆ ಒಂದೇ ಒಂದು ಹೂಂ ಅಂದಿದ್ದರೆ ಅದೆಲ್ಲ ನನ್ನದಾಗುತ್ತಿತ್ತು.

"ಕೂರಬೇಕು," ಎಂದೆ. "ದೊಡ್ಡಣ್ಣ, ಪೆಟ್ಟಿಗೆ ಕೆಳಗಿಡಿ. ಅಲ್ಲಲ್ಲ, ಗೆರೆ ನೋಡ್ಕೊಂಡು ಇಡಿ, ಒಂದು ಬೆರಳು ಆಚೆ ಹೋಗಿದೆ."

ಮುಂದಿನ ವಾರ ಬರಲು ವಕೀಲಮ್ಮನಿಗೆ ಹೇಳಿ, ಕತ್ತರಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ ಬಲ್ಬು ಹಾಕಿದೆ.