ನೀಲಗಂಗೆಯು ಗ್ರಾಹಕರ ಗುಟ್ಟು ಕಾಯ್ದ ಮಹಾಸಮರ

ಯಾವ ಯುಗದಲ್ಲಿ ನಾಣ್ಯವು ತನ್ನ ಝಣತ್ಕಾರವನ್ನು ತೊರೆದು, ನಿರಾಕಾರವೂ ನಿರ್ಗುಣವೂ ಆಗಿ ಮೊಬೈಲುಗಳ ಗರ್ಭದಲ್ಲಿ ನೆಲೆಸತೊಡಗಿತೋ, ಆ ಕ್ರಿಪ್ಟೋಯುಗದಲ್ಲಿ, ವಣಿಗ್ಜನವಂದಿತವೂ ಧೂಳಿಧೂಸರಿತವೂ ಆದ ಹುಬ್ಬಳ್ಳಿಯೆಂಬ ಮಹಾನಗರಿಯಲ್ಲಿ ಬೆಳಗಿದ ವೀರವನಿತೆಯನ್ನು ಕೊಂಡಾಡಲು, ಎಲೈ ವಾಗ್ದೇವಿಯೇ, ಅರೆಗಳಿಗೆ ನನ್ನ ನಾಲಗೆಯ ಮೇಲೆ ಕೂರು ತಾಯೇ!

ಆಕೆಯೇ ನೀಲಗಂಗಾ ಹಂಚಿನಾಳ. ಕ್ರಿಪ್ಟೋ ಎಂಬ ಆ ಕಾಣದ ನಾಣ್ಯವನ್ನು ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸುವ 'ನಾಣ್ಯಸೇತು' ಎಂಬ ವಿನಿಮಯಕೇಂದ್ರದಲ್ಲಿ ಸಕಲಗ್ರಾಹಕಗೋಪ್ಯದುರ್ಗಪಾಲಿಕೆ. ಅಂದರೆ, ಗ್ರಾಹಕರ ಖಾಸಗಿ ಮಾಹಿತಿಯನ್ನು ಕಾಯುವ ಅಧಿಕಾರಿಣಿ.

ಒಂದು ಮಧ್ಯಾಹ್ನ ಬಾಗಿಲು ಧಡಾರನೆ ತೆರೆಯಿತು. ಸರ್ಕಾರದ ಇಲಾಖೆಯೊಂದರ ಅಧಿಕಾರಿ, ಕೈಯಲ್ಲಿ ಮೊಹರುಳ್ಳ ಮುದ್ರಾಧರ, ಹುರಿಮೀಸೆಯ ಶ್ಮಶ್ರುಭೀಕರ, ಸಂಗಪ್ಪ ಕಟಗೇರಿ ಸಾಕ್ಷಾತ್ ನಿಂತಿದ್ದನು.

"ನಿಮ್ಮ ಗ್ರಾಹಕರು ಎಷ್ಟು ಮಂದಿ ಅದಾರ, ಅಷ್ಟೂ ಮಂದಿ ಹೆಸರು, ವಿಳಾಸ, ಖಾತೆ ವಿವರ ಬೇಕ್ರಿ. ಈಗಿಂದೀಗ!"

"ಯಾರ ಮ್ಯಾಲೆ ಏನ್ ಕೇಸ್ ಐತ್ರಿ ಸರ?"

"ಅದು ಸರ್ಕಾರದ ಗುಟ್ಟು."

"ಹಂಗಾದ್ರ ಇದು ಮಂದಿ ಗುಟ್ರಿ."

ಕಟಗೇರಿಯು ಪ್ರಳಯಕಾಲದ ಮೇಘದಂತೆ ಗರ್ಜಿಸಿದನು: "ಎಲೆ ತರುಣಿ! ನನ್ನ ಲೇಖನಿಯ ಒಂದೇ ಗೀರಿಗೆ ಅದೆಷ್ಟು ಅಂಗಡಿಗಳು ಬೀಗಮುದ್ರಾಂಕಿತವಾದವೆಂಬುದನ್ನು ಬಲ್ಲೆಯಾ?"

"ಅಯ್ಯಾ ಮುದ್ರಾಧರನೇ," ಎಂದಳು ಆ ಧೀರೆ, "ಸೂರ್ಯನು ಪಡುವಣದಲ್ಲಿ ಮೂಡಬಹುದು, ಹುಬ್ಬಳ್ಳಿಯ ರಸ್ತೆಗಳು ಗುಂಡಿರಹಿತವಾಗಬಹುದು, ನನ್ನ ದುರ್ಗದಿಂದ ಒಂದು ಫೋನ್ ನಂಬರೂ ಹೊರಬೀಳದು!"

ಒಳಕೋಣೆಯಿಂದ ಮಾಲಕ ಶ್ರೀಪಾದರಾಯರು ಇಣುಕಿ, "ಕೊಟ್ಟುಬಿಡವಾ ನೀಲಗಂಗಾ, ಲೈಸೆನ್ಸ್ ಹೋದೀತು," ಎಂದು ಪಿಸುಗುಟ್ಟಿ, ಫೋನ್ ಬಂತೆಂಬ ನೆವದಿಂದ ರಣರಂಗವನ್ನು ತ್ಯಜಿಸಿದರು.

ವೀರವನಿತೆಯು ಮನದಲ್ಲೇ ಲೆಕ್ಕ ಹಾಕಿದಳು. ನೌಕರಿ ಹೋದರೆ ಇನ್ನೊಂದು ಎಲ್ಲಿದೆ? ಆದರೆ ಖಾನಾವಳಿ ನಡೆಸುವ ಗ್ರಾಹಕಿಯೊಬ್ಬಳು ನೆನಪಾದಳು. ಕುಡುಕ ಗಂಡನ ಕಣ್ಣು ತಪ್ಪಿಸಿ ನಾಣ್ಯಸೇತುವಿನಲ್ಲಿ ಹಣ ಉಳಿಸುತ್ತಿದ್ದ ಆಕೆ ಆಗಾಗ ಫೋನ್ ಮಾಡಿ, "ನನ್ನ ಹೆಸರು ಹೊರಗ ಬರಾಂಗಿಲ್ಲ ಹೌದಿಲ್ಲವಾ?" ಎಂದು ಕೇಳುವಳು. ನೀಲಗಂಗೆ ಎದ್ದು ನಿಂತಳು.

"ಒಬ್ಬರ ಹೆಸರು, ಒಂದು ಕೇಸು, ಕಾಯ್ದೆ ಪ್ರಕಾರ ಕಾಗದ ತರ್ರಿ. ನಾನ ಮುಂದ ನಿಂತು ಕೊಡ್ತೇನಿ. ಎಲ್ಲಾರ್ದೂ ಬೇಕಂದ್ರ, ಯಾರ್ದೂ ಇಲ್ರಿ!"

ದಿಕ್ಕುಗಳು ಸ್ತಬ್ಧವಾದವು. ಫ್ಯಾನೂ ಉಸಿರು ಹಿಡಿಯಿತು, ಕರೆಂಟ್ ಹೋಗಿತ್ತು. ಕಟಗೇರಿ ಬಾಗಿಲತ್ತ ನೋಡಿದನು. ಕುರ್ಚಿ ಎಳೆದು ಕುಳಿತನು. ಮೀಸೆ ಇಳಿಯಿತು.

"ಹೆಸರು ಹೇಳಾಕ ಬೇಕೇನ್ರಿ?"

"ಹೇಳಾಕ ಬೇಕ್ರಿ."

"ಸಂಗಪ್ಪ ಕಟಗೇರಿ."

"ಅಂದ್ರ... ನೀವ?"

"ನಂದ ಖಾತೆರಿ. ಪಾಸ್‌ವರ್ಡ್ ಮರ್ತೇನಿ. ಒಬ್ಬಂದ ಕೇಳಿದ್ರ ಸಂಶಯ ಬರ್ತೈತಿ ಅಂತ ಎಲ್ಲಾರ್ದೂ ಕೇಳಿದೆ. ಮನ್ಯಾಗ ಗೊತ್ತಾದ್ರ ನನ್ನ ಗತಿ ಮುಗೀತ್ರಿ."

ನೀಲಗಂಗೆ ನಗು ನುಂಗಿ, ಅವನ ಮೊಬೈಲಿನಲ್ಲಿ 'ಪಾಸ್‌ವರ್ಡ್ ಮರೆತಿರಾ?' ಎಂಬ ನೀಲಾಕ್ಷರಗಳನ್ನು ತೋರಿಸಿದಳು. ಅವನು ಒತ್ತಿದನು. ಓಟಿಪಿ ಬಂತು. ಖಾತೆ ತೆರೆಯಿತು. ಮಹಾಸಮರ ಮುಗಿಯಿತು.

ಮುದ್ರಾಧರನು ಕೈಮುಗಿದು ಮೆಟ್ಟಿಲಿಳಿದ ಮೇಲೆ, ಶ್ರೀಪಾದರಾಯರು ಮೆಲ್ಲನೆ ಒಳಬಂದರು.

"ಹೋದನೇನ? ಏನ್ ಬೇಕಾಗಿತ್ತವಾ ಅವಂಗ?"

"ಹೇಳಾಂಗಿಲ್ರಿ ಸರ," ಎಂದಳು ನೀಲಗಂಗೆ.