ರಾಮಲಿಂಗನ ಯಾವ ಕಾಲು?

ವಿಮಾ ಕಂಪನಿಯವರು ರೋಗಗಳ ಕೋಡ್ ಬದಲಿಸಿದರು. ಖಾನಾಪುರದಲ್ಲಿ ಯಾರ ರೋಗವೂ ಬದಲಾಗಲಿಲ್ಲ, ಬೀರೇಶನ ನಸೀಬು ಮಾತ್ರ ಬದಲಾಯಿತು.

ಡಾ. ಪ್ರಮಿಳಾ ಅವರ ದವಾಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು ಬೀರೇಶ. ಮೊದಲು ಕಾಲು ಮುರಿದರೆ ಒಂದೇ ಕೋಡ್ ಹಾಕಿದರೂ ನಡೆಯುತ್ತಿತ್ತು. ಈಗ ಎಡಕ್ಕೊಂದು, ಬಲಕ್ಕೊಂದು. ಗುಂಜಿಯ ರಾಮಲಿಂಗನ ಕ್ಲೇಮು ವಾಪಸ್ ಬಂದದ್ದೇ ಇದಕ್ಕೆ. ಸಂಜೆಯೊಳಗೆ ತಿದ್ದಿ ಕಳಿಸಬೇಕಿತ್ತು.

“ಇನ್ನೊಮ್ಮೆ ವಾಪಸ್ ಬಂತಂದ್ರ ಬ್ಯಾರೆ ಕೆಲಸಾ ನೋಡ್ಕೋ,” ಎಂದು ಹೇಳಿ ಡಾಕ್ಟರು ಬೆಳಗಾವಿಗೆ ಮೀಟಿಂಗಿಗೆ ಹೋದರು. ಫೋನು ಬಂದ್.

ಡಾಕ್ಟರ ಚೀಟಿಯಲ್ಲಿ ಬರೀ ‘ಕಾಲು’ ಎಂದಿತ್ತು. ಎಕ್ಸ್‌ರೇ ರೂಢಿಯಂತೆ ಪೇಶಂಟನ ಮನೆಯ ಟ್ರಂಕಿನಲ್ಲಿ. ಪುಣ್ಯಕ್ಕೆ ರಾಮಲಿಂಗನ ಹೆಂಡತಿ ಫಕೀರವ್ವ ಗುಳಿಗೆ ಒಯ್ಯಲು ಬಂದಳು. ನಮ್ಮ ಕಡೆ ಪೇಶಂಟು ಮನೆಯಲ್ಲಿರುತ್ತಾನೆ, ಊರಿಗೆ ಬಂದವರು ಅವನ ರೋಗ ತೋರಿಸಿಕೊಂಡು ಹೋಗುತ್ತಾರೆ.

“ಕಾಕೂ, ಕಾಕಾಂದು ಯಾವ ಕಾಲ್ರಿ?”

“ಈ ಕಡೀದಪ,” ಎಂದು ಫಕೀರವ್ವ ತನ್ನ ಎಡತೊಡೆ ಬಡಿದಳು. “ಎದುರು ಕುಂತು ಊಟಕ್ಕ ನೀಡ್ತೀನಲ್ಲ.”

ಬಿಪಿ ತೋರಿಸಲು ಬಂದಿದ್ದ ಕಲ್ಲಯ್ಯ ಸುಮ್ಮನಿರಲಿಲ್ಲ. “ಎದುರು ಅಂದ್ರ ತಿರಗಾ ಮುರಗಾ ಆಗ್ತದ. ಬಲಗಾಲು ಹಾಕು.”

“ಆಕಿ ಆಗಲೇ ತಿರಗಿಸಿ ಹೇಳ್ಯಾಳ,” ಎಂದಳು ಕೆಮ್ಮುತ್ತಿದ್ದ ಗಂಗಾದೇವಿ. “ಎಡಗಾಲು ಹಾಕು.”

ದವಾಖಾನೆ ಎರಡು ಪಾರ್ಟಿಯಾಯಿತು. ಫಕೀರವ್ವನಿಗೇ ಸಂಶಯ ಬಂತು. “ನೀವೆಲ್ಲಾ ಶಾಣ್ಯಾರು. ನೀವು ಹೇಳಿದ್ದ ಖರೇ ಇರಬೇಕು.”

ರಾಮಲಿಂಗನಿಗೆ ಫೋನು ಹತ್ತಲಿಲ್ಲ. ಬೀರೇಶ ಬೈಕ್ ಹತ್ತಿ ಗುಂಜಿಗೆ ಹೋದ. ಮನೆಗೆ ಕೀಲಿ. ಬಾಜು ಮನೆಯ ಸಾವಂತ್ರವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

“ಬಲಗಾಲಪ,” ಎಂದಳು.

ಬೀರೇಶ ಈಗ ಹುಷಾರಾಗಿದ್ದ. “ಎದುರು ಕುಂತು ನೋಡೀರೋ, ಬಾಜು ಕುಂತು ನೋಡೀರೋ?”

“ಎದುರ. ದಿನಾ ನೋಡ್ತೀನಿ.”

“ಹಂಗಾದ್ರ ಎಡಗಾಲು,” ಎಂದು ಲೆಕ್ಕ ಹಾಕಿ, ಗುಡ್ಡ ಹತ್ತಿ, ನೆಟ್‌ವರ್ಕ್ ಸಿಕ್ಕಲ್ಲಿ ನಿಂತು ಮೊಬೈಲಿನಲ್ಲೇ ಕೋಡ್ ಕಳಿಸಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದಾರಿಯಲ್ಲಿ ಚಹಾ ಕುಡಿದ.

ದವಾಖಾನೆಗೆ ಬಂದರೆ ಡಾಕ್ಟರು ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಬೆಂಚಿನ ಮೇಲೆ ಹೆಂಡತಿಯ ಬಾಜು ರಾಮಲಿಂಗ.

“ಎಲ್ಲಿ ಹೋಗಿದ್ಯೋ? ಈಕಿ ಮಾಡಿದ ಫೋನು ಕಡೀಕ ಹತ್ತಿತಂತ, ಪಾಪ, ಟಂಟಂ ರಿಕ್ಷಾದಾಗ ಇವರ ಬಂದಾರ. ಬಲಗಾಲು. ನಾನ ಕಳಿಸಿಬಿಟ್ಟೆ.”

ತಾನು ಕಳಿಸಿದ್ದ ಎಡಗಾಲನ್ನು ರದ್ದು ಮಾಡಲು ಬೀರೇಶ ಮೊಬೈಲು ತೆಗೆದ. ಅಷ್ಟರಲ್ಲಿ ಕಂಪನಿಯಿಂದ ಫೋನು.

“ವಾಪಸ್ ಕಳಿಸ್ತೀರೇನ್ರಿ?” ಎಂದು ಕೇಳಿದ.

“ಯಾಕ್ರಿ? ಎರಡೂ ತಗೊಂಡೀವಿ. ಎರಡೂ ಕಾಲು ಮುರಿದಾವಂದ್ರ ದೊಡ್ಡ ಕೇಸು. ನಾಳೆ ಮುಂಜಾನೆ ನಮ್ಮ ಸಾಹೇಬ್ರು ಪೇಶಂಟನ್ನ ನೋಡಾಕ ಬರ್ತಾರ.”

ರಾಮಲಿಂಗ ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಟಂಟಂ ಹತ್ತುತ್ತಿದ್ದ. ಬೀರೇಶ ಹಿಂದೆ ಓಡಿದ.

“ಕಾಕಾ, ಒಂದೀಟು ನಿಂದರ್ರಿ. ಆ ಎಡಗಾಲು... ಸ್ವಲ್ಪರೆ ನೋಯ್ತೈತೇನ್ರಿ?”

“ಏ ಇಲ್ಲಪ,” ಎಂದ ರಾಮಲಿಂಗ ಸಂತೋಷದಿಂದ. “ದೇವರ ದಯಾ, ಅದು ಕಲ್ಲಿನಂಗ ಐತಿ.”