ಎಲ್ಲ ಕಾದಂಬರಿಯಲ್ಲೂ ಒಬ್ಬ ಇಸ್ತ್ರಿಯವನು

ಕಾದಂಬರಿಯ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ ಎಂದು ಬೀಗುತ್ತಿದ್ದವಳು ನಾನು. ಅದರಲ್ಲೂ ಈಗಿನ ಹೆಂಗಸರು ಬರೆದ ಕಾದಂಬರಿ ಎಂದರೆ ನನಗೆ ಅಂಗೈ ನೆಲ್ಲಿಕಾಯಿ! ನಾನು ಕಲಿತದ್ದು ಮೂರನೇ ಕ್ಲಾಸು. ಓದುತ್ತಿದ್ದವರು ನಮ್ಮವರು. ನಮ್ಮದು ಇಸ್ತ್ರಿ ಅಂಗಡಿ. ಅವರಿಗೆ ಭುಜ ಹಿಡಿದುಕೊಂಡು ಕೈ ಎತ್ತಲಾಗದ ಮೇಲೆ ಇಸ್ತ್ರಿಪೆಟ್ಟಿಗೆ ನನ್ನ ಕೈಗೆ ಬಂತು, ಪುಸ್ತಕ ಅವರ ಕೈಗೆ ಹೋಯಿತು. ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ, ಅವರು ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಹೆಂಗಸರು ಬರೆದದ್ದೇ ಬೇಕೆಂದು ನನ್ನ ಹಟ. ಗಂಡಸರ ಕಾದಂಬರಿಯಲ್ಲಿ ಎಲ್ಲರೂ ಉಣ್ಣುತ್ತಾರೆ, ಪಾತ್ರೆ ತೊಳೆದವರು ಯಾರೆಂದು ಮಾತ್ರ ಕೊನೆಯವರೆಗೂ ಗೊತ್ತಾಗುವುದಿಲ್ಲ!

ಅವರ ಕೊನೆಯ ದಿನವೂ ಹಾಗೇ ಇತ್ತು. ಒಬ್ಬ ಡಾಕ್ಟರಮ್ಮನ ಕಥೆ. ಗಂಡನ ಕಾಟ ತಾಳಲಾರದೆ ಅವಳು ಸೂಟ್‌ಕೇಸ್ ಹಿಡಿದು ಹೊರಟಿದ್ದಳು.

"ಹೋಗ್ಲಿ ಬಿಡಿ, ಅಂಥವನ ಜೊತೆ ಯಾರು ಬಾಳ್ತಾರೆ?" ಎಂದೆ.

"ತಾಳೇ, ಬಾಗಿಲಲ್ಲಿ ಇಸ್ತ್ರಿಯವನು ಬಂದ" ಎಂದು ಅವರು ಕನ್ನಡಕ ಏರಿಸಿ ಮುಂದೆ ಓದಿದರು. "'ಅಮ್ಮಾ, ಬಟ್ಟೆ ಇನ್ನೂ ಬಿಸಿ ಇದೆ. ಈಗಲೇ ತುಂಬಿದ್ರೆ ಮುದುಡತ್ತೆ. ಆರಿದ ಮೇಲೆ ಹೋಗಿ' ಅಂದ. ಡಾಕ್ಟರಮ್ಮ ಕೂತಳು. ಬಟ್ಟೆ ಆರೋ ಹೊತ್ತಿಗೆ ಸಿಟ್ಟೂ ಆರಿತು. ಗಂಡ ಬಂದು ಕಾಲಿಗೆ ಬಿದ್ದ."

"ಕಾಲಿಗೇ ಬಿದ್ನಾ?"

"ಉದ್ದಕ್ಕೆ ಬಿದ್ದ. ಪುಸ್ತಕದಲ್ಲೇ ಇದೆ."

"ನೀವು ಯಾವತ್ತಾದ್ರೂ ಬಿದ್ದಿದೀರಾ?"

"ನನ್ನ ಭುಜ ನೋವು ಕಣೇ. ಬಿದ್ರೆ ಎತ್ತೋರು ಯಾರು?"

ನಕ್ಕೆ. ಅವರು ಪುಸ್ತಕ ಮುಚ್ಚಿಟ್ಟು, ಟೀಚರಮ್ಮನ ಮನೆ ಬಟ್ಟೆ ಕೊಟ್ಟು ಬರುತ್ತೇನೆಂದು ಹೋದರು. ಆ ಮನೆಯ ಮೆಟ್ಟಿಲ ಮೇಲೆ ಬಿದ್ದರು. ಎತ್ತಲು ನಾಲ್ಕು ಜನ ಬಂದರು. ಅವರು ಏಳಲಿಲ್ಲ. ಗಂಟಿನೊಳಗಿನ ಬಟ್ಟೆಯ ಮಡಿಕೆ ಕೂಡ ಕೆಟ್ಟಿರಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಲೈಬ್ರರಿ ಮೇಡಂ ಬಟ್ಟೆ ತೆಗೆದುಕೊಳ್ಳಲು ಬಂದವರು, "ಅಕ್ಕಾ, ಅಣ್ಣ ನಮ್ಮಲ್ಲಿಂದ ಒಯ್ದಿದ್ರಲ್ಲ, ಆ ಡಾಕ್ಟರಮ್ಮನ ಕಾದಂಬರಿ ಬರೆದವರೇ ಲೈಬ್ರರಿಗೆ ಬರ್ತಿದಾರೆ. ಓದಿದವರು ಮಾತಾಡ್ಬೇಕು. ನೀವೂ ಬನ್ನಿ" ಎಂದರು.

"ಅಯ್ಯೋ, ನಾನೇನು ಮಾತಾಡ್ಲಿ?" ಎಂದೆ. ಒಳಗೊಳಗೇ ಭಾಷಣ ಶುರುವಾಗಿತ್ತು!

ಜೊತೆಗಿದ್ದ ನಾದಿನಿ ತಡೆದಳು. "ಅತ್ತಿಗೆ, ಸುಮ್ನೆ ಕೂತು ಬನ್ನಿ. ಬಾಯಿ ಬಿಟ್ರೆ ಬಣ್ಣಗೇಡು."

"ಇಷ್ಟು ವರ್ಷ ನನ್ನ ಕಿವಿ ಏನು ಕತ್ತೆ ಕಾಯ್ತಿತ್ತಾ?" ಎಂದು ಗದರಿಸಿದೆ. ನಮ್ಮವರು ಗಂಟಲು ಹರಿದುಕೊಂಡು ಓದಿದ್ದು ಹಾಳಾಗಲಿಲ್ಲ ಎಂದು ಹತ್ತು ಜನರ ಮುಂದೆ ತೋರಿಸಬೇಕಿತ್ತು. ಅವರಿಗಾಗಿ ಮಾಡಲು ನನಗೆ ಇನ್ನೇನೂ ಉಳಿದಿರಲಿಲ್ಲ.

ಸಭೆಯಲ್ಲಿ ಒಬ್ಬರು ಸ್ತ್ರೀಯ ಅಂತರಂಗ ಎಂದರು. ಇನ್ನೊಬ್ಬರು ಪ್ರತಿರೋಧ ಎಂದರು. ನನ್ನ ಸರದಿ ಬಂತು. ಮೈಕು ಹಿಡಿದೆ.

"ಈಗಿನ ಹೆಂಗಸರ ಕಾದಂಬರಿಲಿ ನಂಗೆ ತುಂಬಾ ಹಿಡಿಸಿದ್ದು ಇಸ್ತ್ರಿಯವನು. ಬೇರೆ ಯಾರು ಮರೆತ್ರೂ ನೀವು ಅವನನ್ನ ಮರೆಯಲ್ಲ. ಪ್ರತಿ ಪುಸ್ತಕದಲ್ಲೂ ಬರ್ತಾನೆ, ಒಂದು ಒಳ್ಳೇ ಮಾತು ಹೇಳ್ತಾನೆ, ಹೋಗ್ತಾನೆ. ಈ ಡಾಕ್ಟರಮ್ಮನ ಸಂಸಾರ ಉಳಿಸಿದ್ದೂ ಅವನೇ!"

ಲೇಖಕಿ ಮುಂದಕ್ಕೆ ಬಾಗಿದರು. "ಯಾವ ಇಸ್ತ್ರಿಯವನಮ್ಮ?"

"ಬಾಗಿಲಲ್ಲಿ ನಿಂತಿದ್ನಲ್ಲ, ಅವನು."

"ನನ್ನ ಕಾದಂಬರಿಯಲ್ಲಿ ಅಂಥವರು ಯಾರೂ ಇಲ್ಲವಲ್ಲ."

"ಇದಾನೆ! ನೀವು ಮರೆತಿರ್ಬೇಕು."

ಸಭೆ ಗೊಳ್ಳೆಂದಿತು. ನಾನು ಬಿಡುವವಳೇ? ಲೇಖಕಿಗೇ ಸಮಾಧಾನ ಹೇಳಿದೆ. "ಬೇಜಾರು ಮಾಡ್ಕೋಬೇಡಿ ತಾಯಿ. ಅಷ್ಟೊಂದು ಬರೆಯೋವಾಗ ಒಂದೆರಡು ಮರ್ತುಹೋಗತ್ತೆ."

ಹಿಂದಿನ ಸಾಲಿನಲ್ಲಿ ಪರಪರ ಪುಟ ಮಗುಚುವ ಸದ್ದು. ಎಲ್ಲರೂ ಇಸ್ತ್ರಿಯವನನ್ನು ಹುಡುಕುತ್ತಿದ್ದರು! ಯಾರಿಗೂ ಸಿಗಲಿಲ್ಲ. ಮೇಡಂ ನನ್ನ ಸೆರಗು ಜಗ್ಗಿ, "ಅಕ್ಕಾ, ಕೂತ್ಕೊಳ್ಳಿ" ಎಂದರು. ಕೂರಲಿಲ್ಲ. ಲೇಖಕಿ ಕೊನೆಯ ಪುಟ ತೆರೆದು ನನ್ನ ಕೈಗೇ ಕೊಟ್ಟರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಡಾಕ್ಟರಮ್ಮ ಬಾಗಿಲು ದಾಟಿದಳು. ಅಷ್ಟೇ. ಕೆಳಗೆ ಬರೀ ಬಿಳಿ ಕಾಗದ.

"ವಾಪಸ್ ಬರಲ್ವಾ?"

"ಬರಲ್ಲಮ್ಮ."

"ಗಂಡ ಕಾಲಿಗೆ ಬೀಳಲ್ವಾ?"

"ಅವನು ಆಗ ನಿದ್ದೆ ಮಾಡ್ತಿರ್ತಾನೆ." ಲೇಖಕಿ ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದರು. "ನಿಮಗೆ ಇದನ್ನ ಓದಿ ಹೇಳಿದ್ದು ಯಾರು?"

"ಇಸ್ತ್ರಿಯವನು" ಎಂದೆ.



ಮನೆಗೆ ಬಂದು ಬೈಯೋಣವೆಂದರೆ ಆಳಿಲ್ಲ. ಸ್ಟೂಲಿಗೆ ಬೈದೆ. ಆಮೇಲೆ ಅವರು ಓದಿ ಹೇಳಿದ್ದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ತಂದು ನಾನೇ ಓದತೊಡಗಿದೆ. ಬಸವನಹುಳು ನನಗಿಂತ ಮುಂದೆ! ಒಂದರಲ್ಲಿ ಸೊಸೆ ಅತ್ತೆಯನ್ನು ಕೊನೆಗೂ ಕ್ಷಮಿಸುವುದಿಲ್ಲ. ಇನ್ನೊಂದರಲ್ಲಿ ಮಗು ಉಳಿಯುವುದಿಲ್ಲ. ಅವರು ಓದಿದಾಗ ಉಳಿದಿತ್ತು. ಇಸ್ತ್ರಿಯವನು ಓಡಿ ಬಂದು ಅದಕ್ಕೆ ಬೆಚ್ಚನೆಯ ಬಟ್ಟೆ ಸುತ್ತಿದ್ದ. ನಮ್ಮ ಮಗು ಉಳಿದಿರಲಿಲ್ಲ, ಅದಕ್ಕೇ ಇರಬೇಕು.

ಬರೆದವರದು ತಪ್ಪಿಲ್ಲ. ಸರಿಯಾಗಿಯೇ ಬರೆದಿದ್ದಾರೆ. ಆ ಹೆಂಗಸರು ಮನೆ ಬಿಟ್ಟು ಹೋಗಬೇಕಾದವರೇ. ಆದರೆ ಒಂದೊಂದು ಪುಸ್ತಕ ಮುಗಿದಾಗಲೂ ನಮ್ಮವರು ಇನ್ನೊಮ್ಮೆ ಸತ್ತರು. ಒಂದು ಸಲ ಸತ್ತದ್ದು ಸಾಲದೇನೋ ಎಂಬಂತೆ! ಆದರೂ ಬಿಡಲಿಲ್ಲ. ಯಾವುದಾದರೂ ಒಂದರಲ್ಲಿ ಇಸ್ತ್ರಿಯವನು ಇರಬಹುದಲ್ಲ.

ಮೊನ್ನೆ ಒಂದು ಪುಟದ ನಡುವೆ ಕಂಡಿತು: ಇಸ್ತ್ರಿಯವನು.

"ಬಾರೇ ಇಲ್ಲಿ! ಸಿಕ್ಕಿದ್ರು!" ಎಂದು ಕೂಗಿದೆ.

ನಾದಿನಿ ಒದ್ದೆ ಕೈಯಲ್ಲೇ ಓಡಿ ಬಂದಳು. "ಓದಿ ಅತ್ತಿಗೆ, ಓದಿ."

ಬೆರಳಿಟ್ಟು ಓದಿದೆ. "ಇಸ್ತ್ರಿಯವನು ಅವಳ ಹೊಸ ಅಂಗಿ ಸುಟ್ಟಿದ್ದಲ್ಲದೆ, ಕೇಳಲು ಹೋದರೆ ಎದುರು ಜಗಳಕ್ಕೇ ನಿಂತ."

ಮುಂದೆ ನೋಡಿದೆ. ಮತ್ತೆ ಅವನ ಸುದ್ದಿ ಇಲ್ಲ. ಇಷ್ಟೆಲ್ಲ ಓದಿದ್ದಕ್ಕೆ ಇಷ್ಟೇ!

ನಾದಿನಿ ಸಾಲಿನ ಮೇಲೆ ಕಣ್ಣಾಡಿಸಿ, "ಅತ್ತಿಗೆ, ಇದು ಮಾತ್ರ ನಮ್ಮಣ್ಣನೇ!" ಎಂದಳು.

ಹೌದೆಂದು ನಕ್ಕೆ, ಆ ಪುಟದ ಮೂಲೆ ಮಡಿಸಿಟ್ಟೆ.

ಬೆಳಿಗ್ಗೆ ಎದ್ದು ಇಸ್ತ್ರಿಪೆಟ್ಟಿಗೆಯ ಬೂದಿ ಕೊಡವುತ್ತೇನೆ. ಇದ್ದಿಲು ತುಂಬುತ್ತೇನೆ. ಊದುತ್ತೇನೆ. ಬೇಗ ಹತ್ತುವುದಿಲ್ಲ. ಅವರಿಗೆ ಒಂದೇ ಉಸಿರಿಗೆ ಹತ್ತುತ್ತಿತ್ತಂತೆ. ಹಾಗೆಂದು ಹೇಳಿದ್ದೂ ಅವರೇ!